ಕ್ಯಾಂಟೀನಿನ ಬಾಟಲಿ

೨೦೦೪ರ ನವೆಂಬರಿನ ಒಂದು ಬೆಳಿಗ್ಗೆ ಬೈತಖೋಲ ಬಂದರಿನ ಧಕ್ಕೆಯ ಕೆಳಗೆ ಅಮದಳ್ಳಿಯ ಮಾಜಿ ಹವಾಲ್ದಾರ ಸುಬ್ಬನ ಹೆಣ ತೇಲುತ್ತಿತ್ತು. ಧಕ್ಕೆಯ ಮೇಲೆ ಅರ್ಧ ಖಾಲಿಯಾದ ರಮ್ ಬಾಟಲಿ, ಅದರ ಮೇಲೆ ಮಿಲಿಟರಿ ಕ್ಯಾಂಟೀನಿನ ಮುದ್ರೆ. ಸಾಲ ತೀರಿಸಲಾಗದೆ ಕುಡಿದು ಹಾರಿದ ಎಂದು ಊರು ತೀರ್ಪು ಕೊಟ್ಟೇಬಿಟ್ಟಿತು. ಸತ್ತವನ ಮೇಲೆ ಕೆಸರೆರಚಲು ನಮ್ಮ ಜನಕ್ಕೆ ಯಾರೂ ಕಲಿಸಬೇಕಾಗಿಲ್ಲ! ಅವನೊಡನೆ ಸೈನ್ಯದಲ್ಲಿದ್ದ ಮಾದನೂ ‘ಹೇಡಿ’ ಎಂದು ಮುಖ ತಿರುಗಿಸಿದ.

ಮರುದಿನ ಸುಬ್ಬನ ಹೆಂಡತಿ ಕಾಮಿ ಕದ್ವಾಡದ ಪತ್ತೇದಾರ ತುಳಸಿದಾಸರ ಜಗಲಿಗೆ ಬಂದಳು. ಅವರ ಗೆಳೆಯ ರಾಜೀವ ಪಕ್ಕದಲ್ಲೇ ಕೂತಿದ್ದ. ಅಂಕೋಲೆಯ ನಾಗೇಶ ಮಾಜಿ ಸೈನಿಕರನ್ನೇ ಹುಡುಕಿ ಸಾಲ ಕೊಡುವವನು. ಪಿಂಚಣಿ ತಪ್ಪದೆ ಬರುತ್ತದಲ್ಲ! ಮನೆ ಅಡವಿಟ್ಟು ಅವನಿಂದಲೇ ಸಾಲ ಪಡೆದಿದ್ದ ಸುಬ್ಬ, ಅವನ ಬಡ್ಡಿಯ ವಿರುದ್ಧ ದೂರು ಕೊಡಲು ಜನ ಸೇರಿಸುತ್ತಿದ್ದ. ಈಗ ನಾಗೇಶ, ಹನ್ನೆರಡನೇ ದಿನ ಮುಗಿದ ಕೂಡಲೇ ಮನೆ ಬಿಡು ಎಂದಿದ್ದನಂತೆ.

"ಮನೆ ಹೋದ್ರೆ ಹೋಗ್ಲಿ ಒಡೆಯಾ. ಅವ್ರನ್ನ ಹೇಡಿ ಅಂತಾರಲ್ಲ, ಅದನ್ನ ತಡೀಲಿಕ್ಕೆ ಆಗೂದಿಲ್ಲ."

ಬಾಟಲಿ ಎಲ್ಲಿಂದ ಬಂತು ಎಂದಷ್ಟೇ ತುಳಸಿದಾಸರು ಕೇಳಿದರು. ಕಾಮಿ ಹೇಳಿದಳು: ಮಾಜಿ ಸೈನಿಕನ ಕಾರ್ಡು ತೋರಿಸದೆ ಕ್ಯಾಂಟೀನಿನಲ್ಲಿ ಬಾಟಲಿ ಸಿಗದು. ಸುಬ್ಬನ ಕಾರ್ಡು ವರ್ಷದಿಂದ ನಾಗೇಶನ ಬಳಿ ಒತ್ತೆ ಇತ್ತು. ತಿಂಗಳಿಗೊಮ್ಮೆ ಅವನೇ ಸುಬ್ಬನನ್ನು ಜೀಪಿನಲ್ಲಿ ಒಯ್ದು, ಬಾಟಲಿ, ಕಾರ್ಡು ಎರಡನ್ನೂ ಕಸಿದುಕೊಳ್ಳುತ್ತಿದ್ದ. ಪೊಲೀಸರೆದುರು ಮಾತ್ರ, ಕಾರ್ಡು ಕಂಡೇ ಇಲ್ಲ, ಸುಬ್ಬನನ್ನು ನೋಡಿ ಎರಡು ತಿಂಗಳಾಯಿತು ಎಂದಿದ್ದ.

ಸುಬ್ಬನ ಸಾಲ ತೀರಿಸುತ್ತೇವೆಂದು ನಾಗೇಶನಿಗೆ ಹೇಳಿ ತುಳಸಿದಾಸರು ಕಾಮಿಯೂ ಸೇರಿ ಎಲ್ಲರನ್ನೂ ಅಂಕೋಲೆಯ ಅವನ ಅಂಗಡಿಯಲ್ಲಿ ಸೇರಿಸಿದರು. ಇನ್ಸ್‌ಪೆಕ್ಟರೂ ಬಂದರು. ನಾಗೇಶನಿಂದಲೇ ಸಾಲ ಪಡೆದಿದ್ದ ಮಾದ ಮತ್ತಿತರ ಮಾಜಿ ಸೈನಿಕರು ತಲೆ ತಗ್ಗಿಸಿ ಬಾಗಿಲಲ್ಲೇ ನಿಂತರು.

"ಸುಬ್ಬನ ಕಾರ್ಡು ಅವನ ಅಂಗಿ ಜೇಬಲ್ಲೇ ಸಿಕ್ತು," ಎಂದು ತುಳಸಿದಾಸರು ರೆಪ್ಪೆ ಬಡಿಯದೆ ಸುಳ್ಳು ಹೇಳಿದರು.

ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡ! ನಾಗೇಶನ ಕೈ ಸೊಂಟದ ಬೀಗದಕೈಗೆ, ಕಣ್ಣು ತಿಜೋರಿಗೆ ಹೋಯಿತು. ಇನ್ಸ್‌ಪೆಕ್ಟರು ತಿಜೋರಿ ತೆಗೆಸಿದರು. ಒಳಗೆ ಅದೇ ಮುದ್ರೆಯ ಬಾಟಲಿಗಳು, ರಬ್ಬರ್ ಹಾಕಿದ ಕಾರ್ಡುಗಳ ಕಟ್ಟು, ಮೇಲೆಯೇ ಸುಬ್ಬನದು.

"ದೂರಿಗೆ ಹೆದರಿ ಅವನನ್ನ ಮಾತಿಗೆ ಕರೆದು ನೀರಿಗೆ ನೂಕಿದೆ," ಎಂದರು ತುಳಸಿದಾಸರು. "ಮಿಲಿಟರಿಯವನು ಅಂದ್ರೆ ಕುಡುಕ ಅಂತ ಜನ ನಂಬ್ತಾರೆ ಅಂದ್ಕೊಂಡು ಬಾಟಲಿ ಇಟ್ಟೆ. ಅವನ ಪಾಲಿನ ಬಾಟಲಿ ಎಲ್ಲಾ ನಿನ್ನ ಹತ್ರವೇ ಇತ್ತು ಅನ್ನೋದು ಮಾತ್ರ ಮರೆತೆ."

ಪೊಲೀಸರು ನಾಗೇಶನನ್ನು ಎಳೆದೊಯ್ದರು.

ಕಾಮಿಗೆ ಓದು ಬಾರದು. ಇನ್ಸ್‌ಪೆಕ್ಟರು ಒಪ್ಪಿದ ಮೇಲೆ, ಕಾರ್ಡಿನ ಮೇಲಿನ ಫೋಟೋ ನೋಡಿ ಗಂಡನದನ್ನು ಎತ್ತಿಕೊಂಡಳು, ಉಳಿದವನ್ನು ಮೇಜಿನ ಮೇಲೆ ಹರಡಿದಳು.

"ಬನ್ನಿ, ನಿಮ್ಮ ನಿಮ್ಮದು ತಕಂಡು ಹೋಗಿ."

ಮೊದಲು ಬಂದವನು ಮಾದ. ತನ್ನ ಕಾರ್ಡು ಮುಟ್ಟುವ ಮೊದಲು, ಅವಳ ಕೈಯಲ್ಲಿದ್ದ ಸುಬ್ಬನ ಫೋಟೋಕ್ಕೆ ನೆಟ್ಟಗೆ ನಿಂತು ಸಲ್ಯೂಟ್ ಹೊಡೆದ.