ಐದು ಕಂಪ್ಯೂಟರಿಗೆ ಆರು ಉತ್ತರ

ಒಂದು ಕಂಪ್ಯೂಟರಿನ ಬ್ರೌಸರ್ ಸೆಟ್ಟಿಂಗ್ ನೋಡಲು ಅರ್ಧ ಗಂಟೆ ಬೇಕು. ಐದಕ್ಕೆ ಇಡೀ ಬೆಳಗು ಹೋಗುತ್ತದೆ. ಅದಕ್ಕೇ, ಆಫೀಸುಗಳ ಕಂಪ್ಯೂಟರ್ ತಪಾಸಣೆ ಮಾಡುವ ನಾನು ಒಂದು ಕಡೆ ಕೂತು ಪ್ರಶ್ನೆ ಕೂಗುತ್ತೇನೆ, ಗುಮಾಸ್ತರು ತಮ್ಮ ತಮ್ಮ ಜಾಗದಿಂದಲೇ ಉತ್ತರ ಹೇಳುತ್ತಾರೆ. ಆವತ್ತು ಹೋದ ಆಫೀಸಿನಲ್ಲಿ ಐದು ಕಂಪ್ಯೂಟರಿದ್ದವು; ಎಲ್ಲವೂ ಒಂದೇ ಥರ ಇವೆಯೆಂದು ಮಧ್ಯಾಹ್ನದೊಳಗೆ ಸಹಿ ಹಾಕಿಕೊಟ್ಟರೆ ಅಲ್ಲಿನ ವರ್ಷದ ಕೆಲಸ ನನ್ನದಾಗುತ್ತಿತ್ತು.

"ಕ್ಯಾಮೆರಾ ಅನುಮತಿ?" ಎಂದೆ.

"ಆಫ್" ಎಂದು ಐದು ಸಲ ಕೇಳಿಸಿತು. ಆಮೇಲೆ ನನ್ನ ಬೆನ್ನ ಹಿಂದಿನಿಂದ ಮೆಲ್ಲಗೆ, "ಆನ್."

"ಯಾರ್ರೀ ಅದು? ನನಗೇನು ಬೇರೆ ಕೆಲಸ ಇಲ್ವಾ?"

"ನಾವಿರೋದೇ ಐದು ಜನ ಅಣ್ಣಾ. ಬೆಳಗ್ಗೆ ತಿಂಡಿ ಆಗಿಲ್ವಾ?" ಎಂದು ಹಿರಿಯ ಗುಮಾಸ್ತೆ ನಕ್ಕರು.

ಬೆನ್ನ ಹಿಂದೆ ಬರೀ ಗೋಡೆಯಿತ್ತು. ಮತ್ತೆ ಕೇಳಿದೆ. ಐದು "ಆಫ್", ಒಂದು "ಆನ್". ಈ ಸಲ ಕಿವಿಗೆ ತಣ್ಣನೆಯ ಉಸಿರೂ ತಾಗಿತು.

ಆಕೆಯ ನಗು ನಿಂತಿತು. "ಈಗ ನಮಗೂ ಕೇಳಿಸ್ತು. ಸುಮ್ನೆ ಸಹಿ ಹಾಕಿ ಹೋಗಿಬಿಡಿ."

ತಲೆ ಚಿಟ್ಟು ಹಿಡಿದು, ಐದನ್ನೂ ನಾನೇ ಕೂತು ನೋಡಿದೆ, ಎಲ್ಲ ಆಫ್. ಬೀರು, ಮೇಜಿನಡಿ, ಎಲ್ಲಾ ಜಾಲಾಡಿದರೂ ಆರನೆಯ ಕಂಪ್ಯೂಟರ್ ಸಿಗಲಿಲ್ಲ. ಆದರೂ ಕಿವಿಯಾರೆ ಕೇಳಿದ್ದನ್ನು ಬಿಟ್ಟು "ಎಲ್ಲವೂ ಆಫ್" ಎಂದು ಬರೆಯಲು ಕೈ ಬರಲಿಲ್ಲ. ಮಧ್ಯಾಹ್ನ ಕಳೆಯಿತು. ವರ್ಷದ ಕೆಲಸ ಬೇರೆಯವನ ಪಾಲಾಯಿತು.