ಕೆಂಪು ದೀಪದ ಹುಡುಗಿಯರು

ಪ್ರೇರಣಾಮಾಪಕದ ಲೋಹದ ಪಟ್ಟಿ ಮಹಾನಂದಾಳ ಹಣೆಗೆ ತಣ್ಣಗೆ ತಾಗಿತು. ಪರಿಸರಸ್ನೇಹಿ ಉದ್ಯಮಕ್ಕೆ ಸರ್ಕಾರದ ನೆರವು ಕೇಳುವ ವಿದ್ಯಾರ್ಥಿನಿಯರು ನಿಜಕ್ಕೂ ಯಾಕೆ ಕೇಳುತ್ತಿದ್ದಾರೆಂದು ಆ ಯಂತ್ರ ಮಿದುಳಿನ ತರಂಗಗಳಲ್ಲೇ ಓದುತ್ತಿತ್ತು. ಪ್ರಕೃತಿಪ್ರೀತಿಗೆ ಹಸಿರು ದೀಪ, ಲಾಭದ ಆಸೆಗೆ ಹಳದಿ, ಭಯಕ್ಕೆ ಕೆಂಪು. ಕೆಂಪು ಹೊತ್ತಿದವರಿಗೆ ಮನೆಯ ದಾರಿ. ಹೆದರಿದವರು ಉದ್ಯಮವನ್ನು ನಡುವೆಯೇ ಬಿಟ್ಟು ಓಡಿಹೋಗುತ್ತಾರೆ ಎಂಬುದು ಯಂತ್ರ ಕಟ್ಟಿದ ಡಾ. ಪದ್ಮಿನಿಯವರ ಸಿದ್ಧಾಂತ.

ಯಂತ್ರ ಬಂದ ಆರೇ ತಿಂಗಳಿಗೆ ಪ್ರಕೃತಿಪ್ರೀತಿಯ ಕೋಚಿಂಗ್ ಕ್ಲಾಸುಗಳೂ ಬಂದಿದ್ದವು. ಮಹಾನಂದಾ ಅಲ್ಲಿ ಎರಡು ತಿಂಗಳು ಒಂದು ತುಳಸಿ ಗಿಡವನ್ನು ದಿಟ್ಟಿಸುತ್ತ ಕೂತಿದ್ದಳು. ಗಿಡವೇನೋ ಚೆನ್ನಾಗಿ ಬೆಳೆದಿತ್ತು.

ದೀಪ ಕೆಂಪಗೆ ಹೊತ್ತಿತು.

"ಇಷ್ಟು ಕೆಂಪು ನಾನು ನೋಡೇ ಇಲ್ಲ," ಎಂದರು ಪದ್ಮಿನಿ. "ಯಂತ್ರಕ್ಕೆ ಹೆದರಿದೆಯೇನಮ್ಮ?"

"ಡಬ್ಬಿಗೆ ಯಾರ್ ಅಂಜತಾರ್ರಿ ಮೇಡಂ! ತಂಗೀ ಸಲವಾಗಿ ಅಂಜಿಕಿ ಬರ್ತದ್ರಿ."

ಅವಳ ಮನೆಯವರು ನೂಲಿಗೆ ಬಣ್ಣ ಹಾಕುವವರು. ಕಡಾಯಿಯಲ್ಲಿ ಬಣ್ಣ ಹದಕ್ಕೆ ಬಂತೇ ಎಂದು ಒಂದು ಹನಿ ನಾಲಿಗೆಗೆ ಹಚ್ಚಿ ನೋಡುವುದು ಅವರ ತಲೆತಲಾಂತರದ ಪದ್ಧತಿ. ಬಣ್ಣ ಬೇರು-ತೊಗಟೆಯಿಂದ ಬರುವುದು ನಿಂತು ಕಾರ್ಖಾನೆಯಿಂದ ಬರತೊಡಗಿತು. ನಾಲಿಗೆಗೆ ಹಚ್ಚುವುದು ಮಾತ್ರ ನಿಲ್ಲಲಿಲ್ಲ.

"ಅವ್ವಗ ಈಗ ಉಪ್ಪು-ಖಾರ ತಿಳಿಯೂದಿಲ್ರಿ. ಸಾರಿಗೆ ಮೂರ್ ಸಲ ಉಪ್ಪು ಹಾಕ್ತಾಳ. ನಾವು ನಕ್ಕೋತ ಉಣ್ತಿದ್ವಿ. ಹ್ವಾದ ವಾರ ತಂಗಿ ಕಡಾಯಿ ಮುಂದ ನಿಂತು ನಾಲಿಗಿ ಚಾಚಿದ್ಳು. ಒಂಬತ್ತ ವರ್ಷದಾಕಿ. ಅವ್ವ 'ಶಾಣ್ಯಾಕಿ' ಅಂದ್ಳು." ಮಹಾನಂದಾ ಹಣೆಯ ಪಟ್ಟಿ ತೆಗೆದು ಮೇಜಿನ ಮೇಲಿಟ್ಟಳು. "ಬ್ಯಾಡ ಅಂದ್ರ ಕೇಳೂದಿಲ್ರಿ. ಅದಕ್ಕ ದಾಳಿಂಬ್ರಿ ಸಿಪ್ಪಿ ಬಣ್ಣ ಮಾಡ್ಬೇಕು. ನೆಕ್ಕಿದ್ರೂ ಹುಡುಗಿ ಉಳೀಬೇಕು."

"ಆದರೆ ಹೆದರಿದವರು ಓಡಿಹೋಗುತ್ತಾರಮ್ಮ."

"ಎಲ್ಲಿಗ್ರಿ ಓಡೂದು? ತಂಗಿ ಅಲ್ಲೇ ಅದಾಳಲ್ರಿ."

ಪದ್ಮಿನಿ ಕಂಪ್ಯೂಟರಿನತ್ತ ತಿರುಗಿದರು. ಹಿಂದೆ ಕಳಿಸಿದ್ದ ಮುನ್ನೂರ ಹನ್ನೆರಡು ಕೆಂಪು ಹುಡುಗಿಯರ ಪಟ್ಟಿ ತೆರೆದರು. ಯಾವುದರ ಭಯ ಎಂದು ಒಬ್ಬಳನ್ನೂ ಕೇಳಿರಲಿಲ್ಲ. ಅಂದು ಫೋನ್ ಮಾಡಿ ಕೇಳತೊಡಗಿದರು. ಒಬ್ಬಳ ಊರಿನ ಬಾವಿಯಲ್ಲಿ ನೊರೆ, ಇನ್ನೊಬ್ಬಳ ಅಣ್ಣನ ಕೆಮ್ಮು. ಇಪ್ಪತ್ತನೆಯ ಕರೆಯ ಹೊತ್ತಿಗೆ ಪದ್ಮಿನಿ ಮೇಜಿನ ಮೇಲಿದ್ದ ನೀರಿನ ಲೋಟವನ್ನು ಮುಟ್ಟದೆ ದೂರ ಸರಿಸಿದ್ದರು.

ನಿಯಮ ಬದಲಾಯಿತು. ಕೆಂಪಿಗೇ ಮೊದಲ ನೆರವು. ಮಹಾನಂದಾಳ ಮೊದಲ ಕಡಾಯಿಯ ಬಣ್ಣ ನೆಕ್ಕಿದ ತಂಗಿ "ಥೂ, ಒಗರು!" ಎಂದು ಮುಖ ಕಿವುಚಿದಳು. ಅಕ್ಕ ಅವಳ ನಾಲಿಗೆಯನ್ನು ಬಿಸಿಲಿಗೆ ಹಿಡಿದು ಮತ್ತೆ ಮತ್ತೆ ನೋಡಿದಳು.

ಕೋಚಿಂಗ್ ಕ್ಲಾಸಿನವರೂ ಕೂಡಲೇ ತುಳಸಿ ಕುಂಡಗಳನ್ನು ಮೂಲೆಗೆ ತಳ್ಳಿ, 'ಇಲ್ಲಿ ಹೆದರುವುದನ್ನು ಕಲಿಸಲಾಗುತ್ತದೆ' ಎಂದು ಬೋರ್ಡು ಹಾಕಿದರು.

ಇಡೀ ಜಿಲ್ಲೆಯಲ್ಲಿ ಒಬ್ಬ ಹುಡುಗಿಯೂ ಸೇರಲಿಲ್ಲ.