ಮೀನಿನ ಬರ್ಫದಲ್ಲಿ ಕೆಂಪು ವೈನು

"ಇದೆಂತ ಬಂಗಡೆ ಅಂದ್ಕಂಡ್ಯಾ, ದತ್ತಾ? ಬಂಗಡೆ ಮೀನಾ ಇದು?"

ಸಂಧ್ಯಾ ಬರ್ಫದ ಪೆಟ್ಟಿಯಿಂದ ಒಂದು ವೈನ್ ಬಾಟಲಿ ಎತ್ತಿ ಅವನ ಮುಖದ ಮುಂದೆ ಹಿಡಿದಳು. ನೆನೆದ ಲೇಬಲ್ಲು ಕಳಚಿ ಅವಳ ಬೆರಳಿಗೇ ಅಂಟಿಕೊಂಡಿತು. ಪೆಟ್ಟಿಯಲ್ಲಿದ್ದ ಬಾಟಲಿಗಳೆಲ್ಲ ಬೋಳು ಬೋಳು!

"ಕೂಗ್ಬೇಡ. ಶೆಕೆ ಇತ್ತು, ಬರ್ಫ ಹಾಕ್ದೆ. ಅಷ್ಟೇಯ."

"ಕೆಂಪು ವೈನಿಗೆ ಯಾರಾದ್ರೂ ಬರ್ಫ ಸುರೀತ್ರಾ, ಮಾರಾಯಾ?"

"ನಮ್ಮನೇಲಿ ಒಳ್ಳೇದಕ್ಕೆಲ್ಲ ಬರ್ಫವೇ ಹಾಕೂದು."

ಬೆಳಗಿನಿಂದ ಸಂಧ್ಯಾ ಒಂದು ಕಡೆ ಕೂತಿರಲಿಲ್ಲ. ಹಿಲ್ಲೂರಿನ ಗುಡ್ಡದ ತಿರುವಿನಲ್ಲಿದ್ದ ಈ ಗ್ರಿಲ್ ಹೋಟೆಲಿಗೆ, ನೌಕಾನೆಲೆಯ ಕೆಲಸಕ್ಕೆಂದು ಕಾರವಾರಕ್ಕೆ ಬಂದ ಹೊರಗಿನ ಜನ ಸುಟ್ಟ ಮೀನು ತಿನ್ನಲು ಬರುತ್ತಿದ್ದರು, ಜೊತೆಗೆ ವೈನ್ ಕೇಳುತ್ತಿದ್ದರು. ಯಾವ ಮೀನಿಗೆ ಯಾವ ವೈನ್ ಎಂಬ ಪಟ್ಟಿ ಮಾಡಿದವಳು ಸಂಧ್ಯಾ. ಇವತ್ತು ಗೋವಾದಿಂದ ಬಂದ ವೈನ್ ಪರಿಣತ ಆಶಿಷ ಅದರಂತೆ ರುಚಿ ನೋಡಿ ಸೈ ಎಂದರೆ ಹೋಟೆಲಿನ ಉಸ್ತುವಾರಿ ಅವಳದ್ದೇ. ಕೋಡಿಬಾಗದಿಂದ ದಿನಾ ಮೀನು ತರುವ ದತ್ತಾನಿಗೂ ಅವಳು ಅದನ್ನೇ ಹೇಳಿದ್ದಳು... 'ಉಸ್ತುವಾರಿ ಸಿಗ್ಲಿ, ಮದುವೆ ಮಾತು ಆಮೇಲೆ.'

"ನಿಂಗೆ ಹೊಟ್ಟೆಕಿಚ್ಚು! ನಾ ಆಶಿಷನ್ನ ಕರ್ಕಂಡು ಬರೂಕೆ ಸ್ಟೇಷನ್ನಿಗೆ ಹೋದ್ನಲ್ಲ, ಅದಕ್ಕೇ ಮಾಡ್ದೆ!"

ದತ್ತಾ ಅವಳನ್ನೇ ನೋಡಿದ.

"ಹಾಂಗೆ ಅಂದ್ಕಂಡ್ಯಾ?"

"ಹೌದು!"

"ಹಾಂಗೇ ಇರ್ಲಿ ಬಿಡು."

ಖಾಲಿ ಬುಟ್ಟಿಗಳನ್ನು ಎತ್ತಿಕೊಂಡು ಅವನು ಟೆಂಪೋದತ್ತ ನಡೆದುಬಿಟ್ಟ.

ಒಳಗೆ ಆಶಿಷ ಒಂದು ಗುಟುಕು ಕುಡಿದು ಗ್ಲಾಸು ಕೆಳಗಿಟ್ಟ. "ತೀರಾ ತಂಪು. ವಾಸನೆಯೇ ಇಲ್ಲ. ಸ್ವಲ್ಪ ಬೆಚ್ಚಗಾಗಲಿ, ನೋಡೋಣ. ಅಷ್ಟರಲ್ಲಿ ಮೀನು ತನ್ನಿ."

ಸಂಧ್ಯಾ ಅಡುಗೆಮನೆಗೆ ಓಡಿದಳು. ಕೆಂಡ ಧಗಧಗ ಉರಿಯುತ್ತಿತ್ತು. ಮೇಲೆ ಒಂದು ತುಂಡು ಮೀನೂ ಇಲ್ಲ!

"ಮಾದೇವಕ್ಕಾ, ಮೀನೆಲ್ಲಿ?"

ಅಡುಗೆಯ ಮಾದೇವಿ ಸೌಟು ಕುಕ್ಕಿದಳು. "ಹಿತ್ಲಲ್ಲಿ ಹುಗ್ದದೆ, ಹೋಗಿ ನೋಡು! ನೀ ಅತ್ಲಾಗೆ ಹೋದ್ಯಾ, ಇತ್ಲಾಗೆ ಕರೆಂಟು ಹೋಯ್ತು. ಜನರೇಟರೂ ಕೈ ಕೊಡ್ತು. ತಗಡಿನ ಕೋಣೆಲಿ ನಿನ್ನ ಬಾಟ್ಲಿ ಬೂಚೆಲ್ಲ ಶೆಕೆಗೆ ಮೇಲೆ ಬಂದಿತ್ತು. ದತ್ತಾನ ಹತ್ರ ಇದ್ದ ಬರ್ಫ ಎರಡಕ್ಕೂ ಸಾಲ್ತಿರ್ಲಿಲ್ಲ. ಮೀನಿನ ಮೇಲಿಂದ ಬಗೆದು ನಿನ್ನ ಬಾಟ್ಲಿಗೆ ಸುರ್ದ. ಇಸ್ವಾಣ ಮೀನು ಪೂರಾ ಹಳಸಿ ಹೋಯ್ತು!"

"ನಂಗೆ ಯಾಕೆ ಹೇಳ್ಲಿಲ್ಲ ಅಂವ?"

"ನೀ ಬಾಯಿ ಬಿಡೂಕೆ ಬಿಟ್ರಲ್ಲ!"

ದೋಣಿ ಇಟ್ಟ ಮೀನುಗಾರರ ಮನೆಯಲ್ಲಿ ಎಷ್ಟೇ ಬಾಯಾರಿದರೂ ಮೀನಿನ ಬರ್ಫದಿಂದ ಒಂದು ಚೂರು ಒಡೆದು ಯಾರೂ ಬಾಯಿಗೆ ಹಾಕುವುದಿಲ್ಲ. ಅಂಥ ಮನೆಯವನು... 'ಅಯ್ಯೋ, ನಾ ಎಂಥ ಮಾತು ಆಡಿಬಿಟ್ಟೆ!'

ಮಾಲೀಕ ಜಗದೀಶ ಒಳಗೆ ಬಂದ. "ಮೀನಿನವ ಹಾಳು ಮಾಡ್ದ ಅಂತ ಆಶಿಷರ ಎದುರು ಹೇಳಿಬಿಡು. ನಾಳೆಯಿಂದ ಅಂವ ಈ ಗುಡ್ಡ ಹತ್ತೂದು ಬೇಡ."

"ಅಂವ ಉಳ್ಸಿದ್ದು!"

"ಮತ್ತೆಂತ, ನನ್ನ ಜನರೇಟರು ಹಾಳಾಗಿತ್ತು ಅಂತ ಹೇಳ್ಲಾ? ಉಸ್ತುವಾರಿ ಬೇಕೋ ಬೇಡ್ವೋ ನಿಂಗೆ?"

ಎಷ್ಟು ದಿನದಿಂದ ಆಸೆಪಟ್ಟಿದ್ದಳು ಆ ಕೆಲಸಕ್ಕೆ! ಸಂಧ್ಯಾ ಏಪ್ರನ್ ಬಿಚ್ಚಿ ಮೊಳೆಗೆ ತೂಗುಹಾಕಿದಳು. ಅದನ್ನು ಅವಳು ಮತ್ತೆ ಮುಟ್ಟಲಿಲ್ಲ.

ತಿರುವಿನ ಕೆಳಗಿನ ಝರಿಯಲ್ಲಿ ದತ್ತಾ ಬುಟ್ಟಿ ತೊಳೆದು ಟೆಂಪೋ ಹತ್ತುತ್ತಿದ್ದ.

"ದತ್ತಾ!"

"ಹತ್ರ ಬರ್ಬೇಡ. ನಾತ ಹೊಡೀತದೆ."

"ಹೊಡೀಲಿ." ಅವಳು ಹತ್ತಿ ಪಕ್ಕದಲ್ಲೇ ಕುಳಿತಳು. ಒದ್ದೆ ಕೈಯನ್ನು ಹಿಡಿದಳು. ಅದಿನ್ನೂ ತಣ್ಣಗಿತ್ತು. "ತಪ್ಪಾಯ್ತು... ಬಾಯಿಗೆ ಬಂದದ್ದು ಅಂದೆ."

"ಒಳಗೆ ಪರೀಕ್ಷೆ ಮುಗೀತಾ?"

"ವೈನು ಬೆಚ್ಚಗಾಗೂ ತನಕ ಕಾಯ್ತ್ರಂತೆ."

"ನೀ?"

"ನಾ ಕಾಯೂದಿಲ್ಲ. ನಿನ್ನ ಕಾಯ್ಸಿದ್ದೇ ಸಾಕು."

ದತ್ತಾನ ಮುಖದಲ್ಲಿ ನಗು ಮೂಡಿತೋ ಇಲ್ಲವೋ, ಮೇಲಿನಿಂದ ಜಗದೀಶ ಕೂಗಿದ. "ಸಂಧ್ಯಾ! ವೈನು ಬೆಚ್ಚಗಾಯ್ತು, ಬಾ!"

"ಕೇಳ್ತಾ? ಕರೀತಿದ್ರು ನಿನ್ನ."

"ಕೇಳ್ತದೆ," ಎಂದಳು ಅವಳು, ಅವನ ಭುಜಕ್ಕೆ ತಲೆಯಿಟ್ಟು. "ನೀ ಗಾಡಿ ಹೊಡಿ."